ಇಂಚು ನೋಡಿ ಮಾನಿಟರ್ ಕೊಳ್ಳಬೇಡಿ

ಕಂಪ್ಯೂಟರ್ ಕೊಳ್ಳುವವರು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಜಿಬಿ, ಎಸ್‌ಎಸ್‌ಡಿ ಇದೆಯೇ ಎಂದು ಹತ್ತು ಸಲ ಕೇಳುತ್ತಾರೆ. ಮಾನಿಟರ್ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಪ್ರಶ್ನೆ: "ಎಷ್ಟು ಇಂಚು?" ಆದರೆ ಗಂಟೆಗಟ್ಟಲೆ ನಾವು ನೋಡುವುದು ಪ್ರೊಸೆಸರನ್ನಲ್ಲ, ಮಾನಿಟರನ್ನು. ಸಿಪಿಯು ಹಳತಾಗಿ ಬದಲಾದರೂ ಒಳ್ಳೆಯ ಮಾನಿಟರ್ ಅದೇ ಮೇಜಿನ ಮೇಲೆ ಉಳಿಯುತ್ತದೆ. ಆದ್ದರಿಂದ ಅದನ್ನು ಆರಿಸುವ ರೀತಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಅನೇಕರ ಮನೆಗೆ ಈಗ ಹಳೆಯ ಆಫೀಸು ಕಂಪ್ಯೂಟರ್‌ಗಳು ಬರುತ್ತಿವೆ. ಅಂಥವರಿಗೆ ಇದು ಹೆಚ್ಚು ಉಪಯೋಗವಾಗಬಹುದು.

ನನಗೆ ಈ ವಿಷಯ ಕಲಿಯುವ ಅಗತ್ಯ ಬಂದದ್ದು ನನ್ನ ಆಪಾ ಅವರಿಂದ. ಅವರು ಬಿ.ಕಾಂ. ಮುಗಿಸಿ ಮನೆಯಲ್ಲೇ ಕುಳಿತು ಮೂರು ಅಂಗಡಿಗಳ ಲೆಕ್ಕ ನೋಡುತ್ತಾರೆ. ಟ್ಯಾಲಿಯಲ್ಲಿ ಬಿಲ್ಲು ಏರಿಸಬೇಕು, ಎಕ್ಸೆಲ್‌ನಲ್ಲಿ ತಾಳೆ ನೋಡಬೇಕು, ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಈ ಎರಡು ತಾರೀಖುಗಳ ನಡುವೆ ನಮ್ಮ ಹಳೆಯ ಚೌಕ ಮಾನಿಟರ್ ಕೈಕೊಟ್ಟಿತು. ಆನ್ ಮಾಡಿದರೆ ಎರಡು ಸೆಕೆಂಡು ಬೆಳಕು, ಆಮೇಲೆ ಕಪ್ಪು. ಅಮ್ಮಿ ತಮ್ಮ ಬೀಸಿ ಚೀಟಿಯ ಹಣದಿಂದ 8,000 ರೂಪಾಯಿ ಕೊಟ್ಟು ಒಂದೇ ಮಾತು ಹೇಳಿದರು: "ಪೈಸಾ ಪಾನಿ ಮೆ ನಕ್ಕೊ ಡಾಲೊ." ದುಡ್ಡು ನೀರಿಗೆ ಹಾಕಬೇಡ ಎಂದರ್ಥ. ಇನ್ನೊಂದು ಸಲ ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಲೆಕ್ಕ ಹಾಕಿದೆವು.

ನಿಜವಾಗಿಯೂ ಕೆಟ್ಟಿದೆಯೇ?

ಹೊಸದು ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷಿಸಬೇಕು. ಕೇಬಲ್ ಎರಡೂ ತುದಿ ಬಿಚ್ಚಿ ಮತ್ತೆ ಹಾಕಿ ನೋಡಿ. ಸಾಧ್ಯವಾದರೆ ಬೇರೆ ಕೇಬಲ್ ಹಾಕಿ. ಆಮೇಲೆ ಕೋಣೆಯನ್ನು ಕತ್ತಲೆ ಮಾಡಿ ಕಪ್ಪಾದ ಪರದೆಯ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿಯಿರಿ. ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಬರುತ್ತಿದೆ, ಅದರ ಹಿಂದಿನ ದೀಪ ಮಾತ್ರ ಹೋಗಿದೆ ಎಂದರ್ಥ. ಅಂದರೆ ಸಿಪಿಯು ಸರಿಯಾಗಿದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಆಪಾ ಅವರ ಲೆಕ್ಕಗಳೆಲ್ಲ ಕ್ಷೇಮವಾಗಿವೆ ಎಂದು ಖಚಿತವಾದ ಮೇಲೆ ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು.

ಮೊದಲು ಕೆಲಸ, ಆಮೇಲೆ ಪಿಕ್ಸೆಲ್

ಮಾನಿಟರ್ ಚಿತ್ರ ಲಕ್ಷಾಂತರ ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್. 1920×1080 ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಇದಕ್ಕೆ ಫುಲ್ ಎಚ್‌ಡಿ ಎನ್ನುತ್ತಾರೆ. ಒಟ್ಟು 20,73,600. ಅಗ್ಗದ ಹಳೆಯ 18.5 ಇಂಚಿನ ಮಾನಿಟರ್‌ಗಳಲ್ಲಿ 1366×768 ಇರುತ್ತದೆ, ಒಟ್ಟು 10,49,088. ಸುಮಾರು ಅರ್ಧ.

ಇದನ್ನು ನಮ್ಮ ಕಾಮರ್ಸ್ ಭಾಷೆಗೆ ತರೋಣ. ಎಕ್ಸೆಲ್‌ನ ಒಂದು ಸಾಲು ಸಾಮಾನ್ಯ ಸೆಟ್ಟಿಂಗ್‌ನಲ್ಲಿ 20 ಪಿಕ್ಸೆಲ್ ಎತ್ತರ ಇರುತ್ತದೆ. ಮೇಲಿನ ಮೆನು, ಕೆಳಗಿನ ಟಾಸ್ಕ್‌ಬಾರ್ ಎಲ್ಲ ಸೇರಿ ಸುಮಾರು 300 ಪಿಕ್ಸೆಲ್ ಹೋಗುತ್ತದೆ ಎಂದು ಹಿಡಿಯೋಣ. ಉಳಿದದ್ದನ್ನು 20ರಿಂದ ಭಾಗಿಸಿದರೆ ಒಮ್ಮೆಗೆ ಕಾಣುವ ಸಾಲುಗಳು ಸಿಗುತ್ತವೆ:

1366×768 ಪರದೆಯಲ್ಲಿ ಸುಮಾರು 23 ಸಾಲು.
1920×1080 ಪರದೆಯಲ್ಲಿ 39 ಸಾಲು.
2560×1440 ಪರದೆಯಲ್ಲಿ 57 ಸಾಲು.

ಈ ಲೆಕ್ಕದಲ್ಲಿ ಇಂಚು ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. 22 ಇಂಚಿನ ಫುಲ್ ಎಚ್‌ಡಿ ಕೊಂಡರೂ 39 ಸಾಲು, 27 ಇಂಚಿನ ಫುಲ್ ಎಚ್‌ಡಿ ಕೊಂಡರೂ ಅದೇ 39 ಸಾಲು. ದೊಡ್ಡ ಮಾನಿಟರ್‌ನಲ್ಲಿ ಹೆಚ್ಚು ಕಾಣುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೆಚ್ಚು ಕಾಣುವುದು ಪಿಕ್ಸೆಲ್ ಹೆಚ್ಚಾದರೆ ಮಾತ್ರ. ಇಂಚು ಹೆಚ್ಚಾದರೆ ಅದೇ ವಿಷಯ ದೊಡ್ಡದಾಗಿ ಕಾಣುತ್ತದೆ, ಅಷ್ಟೆ.

ಹಾಗಾದರೆ ಇಂಚಿಗೆ ಬೆಲೆ ಇಲ್ಲವೇ?

ಇದೆ. ಅಕ್ಷರದ ಗಾತ್ರ ಅದರಿಂದಲೇ ತೀರ್ಮಾನವಾಗುತ್ತದೆ. ಇಂಚನ್ನು ಅಳೆಯುವುದು ಮೂಲೆಯಿಂದ ಎದುರು ಮೂಲೆಗೆ, ಕರ್ಣದ ಉದ್ದಕ್ಕೆ. ಪೈಥಾಗೊರಸ್ ಪ್ರಮೇಯ ಹಾಕಿದರೆ ಅಗಲ, ಎತ್ತರ ಎರಡೂ ಸಿಗುತ್ತವೆ. 22 ಎಂದು ಮಾರುವ ಮಾನಿಟರ್ ಸಾಮಾನ್ಯವಾಗಿ 21.5 ಇಂಚು ಇರುತ್ತದೆ. ಅದರ ಪರದೆಯ ಅಗಲ ಸುಮಾರು 47.6 ಸೆಂ.ಮೀ. 24 ಎಂದು ಮಾರುವುದು ಹೆಚ್ಚಾಗಿ 23.8 ಇಂಚು, ಅಗಲ 52.7 ಸೆಂ.ಮೀ. 27 ಇಂಚಿನದು ಸುಮಾರು 60 ಸೆಂ.ಮೀ.

ಈಗ ಅದೇ ಎಕ್ಸೆಲ್ ಸಾಲಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ನೋಡಿ. ಮೂರೂ ಫುಲ್ ಎಚ್‌ಡಿ ಆದರೆ 22ರಲ್ಲಿ ಸುಮಾರು 5 ಮಿ.ಮೀ., 24ರಲ್ಲಿ 5.5 ಮಿ.ಮೀ., 27ರಲ್ಲಿ 6.2 ಮಿ.ಮೀ. 22ರಲ್ಲಿ ಅಕ್ಷರ ಚಿಕ್ಕದು, ಆದರೆ ಒಂದು ಇಂಚಿನಲ್ಲಿ 102 ಚುಕ್ಕೆಗಳಿರುವುದರಿಂದ ಅಂಚು ನಯವಾಗಿರುತ್ತದೆ. 24ರಲ್ಲಿ ಇಂಚಿಗೆ ಸುಮಾರು 93 ಚುಕ್ಕೆ. 27ರಲ್ಲಿ 82ಕ್ಕೆ ಇಳಿಯುತ್ತದೆ, ಹತ್ತಿರ ಕುಳಿತರೆ ಅಕ್ಷರಗಳ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 27 ಇಂಚು ಬೇಕೇ ಬೇಕೆಂದರೆ 2560×1440 ಇರುವುದನ್ನು ಕೊಳ್ಳಬೇಕು. ಆಗ ಇಂಚಿಗೆ 109 ಚುಕ್ಕೆ. ಆದರೆ ಬೆಲೆ ನಮ್ಮ ಬಜೆಟ್‌ನ ಹತ್ತಿರವೂ ಸುಳಿಯುವುದಿಲ್ಲ.

ಕನ್ನಡ ಮತ್ತು ಉರ್ದು ಓದುವವರಿಗೆ ಈ ಚುಕ್ಕೆಗಳ ಲೆಕ್ಕ ಇನ್ನೂ ಮುಖ್ಯ. ಕನ್ನಡದಲ್ಲಿ 'ಪ' ಮತ್ತು 'ಷ' ನಡುವೆ ಇರುವುದು ಒಳಗಿನ ಒಂದು ಸಣ್ಣ ಗೆರೆ. 'ಲಕ್ಷ್ಮಿ' ಎಂದು ಬರೆದರೆ ಒಂದರ ಕೆಳಗೆ ಒಂದು ಒತ್ತು. ಉರ್ದುವಿನಲ್ಲಿ 'ಬೆ' ಅಕ್ಷರದ ಕೆಳಗೆ ಒಂದು ಚುಕ್ಕೆ, 'ಪೆ' ಕೆಳಗೆ ಮೂರು. ಪರದೆ ಮಂಜಾಗಿದ್ದರೆ ಮೂರು ಚುಕ್ಕೆ ಒಂದೇ ಮಚ್ಚೆಯಂತೆ ಕಾಣುತ್ತದೆ. ಲೆಕ್ಕ ಬರೆಯುವವರಿಗಂತೂ 3 ಮತ್ತು 8 ಒಂದೇ ಥರ ಕಂಡರೆ ರಿಟರ್ನ್ ತಪ್ಪಾಗುತ್ತದೆ, ಅಂಗಡಿಯವರು ನಂಬಿಕೆ ಕಳೆದುಕೊಳ್ಳುತ್ತಾರೆ.

ಸಿಪಿಯು ಬೆನ್ನು ತಿರುಗಿಸಿ ನೋಡಿ

ಅಂಗಡಿಗೆ ಹೋಗುವ ಮೊದಲು ಸಿಪಿಯು ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಮೂರು ಬಗೆಯ ಕಿಂಡಿಗಳು ಸಾಮಾನ್ಯ.

ವಿಜಿಎ: ಹೆಚ್ಚಾಗಿ ನೀಲಿ ಬಣ್ಣ, 15 ರಂಧ್ರ, ಎರಡು ಪಕ್ಕದಲ್ಲಿ ತಿರುಪು. ಇದು 1987ರಲ್ಲಿ ಐಬಿಎಂ ಕಂಪನಿ ತಂದದ್ದು, ಅನಲಾಗ್ ವ್ಯವಸ್ಥೆ. ಕಂಪ್ಯೂಟರ್ ತನ್ನ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸಿ ಕಳಿಸುತ್ತದೆ, ಮಾನಿಟರ್ ಅದನ್ನು ಮತ್ತೆ ಚುಕ್ಕೆಗಳಾಗಿ ಊಹಿಸಿಕೊಳ್ಳುತ್ತದೆ. ಕೇಬಲ್ ಕಳಪೆಯಾದರೆ ಅಕ್ಷರದ ಅಂಚು ಮಸುಕಾಗುತ್ತದೆ. ಇದರಲ್ಲಿ ಧ್ವನಿ ಹೋಗುವುದಿಲ್ಲ.

ಎಚ್‌ಡಿಎಂಐ: ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಇರುವುದು ಇದೇ. ಡಿಜಿಟಲ್. ಚಿತ್ರದ ಜೊತೆ ಧ್ವನಿಯೂ ಹೋಗುತ್ತದೆ.

ಡಿಸ್‌ಪ್ಲೇಪೋರ್ಟ್: ಎಚ್‌ಡಿಎಂಐ ಥರವೇ ಕಾಣುತ್ತದೆ, ಆದರೆ ಒಂದು ಮೂಲೆ ಮಾತ್ರ ಕತ್ತರಿಸಿದಂತಿರುತ್ತದೆ. ಇದೂ ಡಿಜಿಟಲ್. ಹಲವು ಕೇಬಲ್‌ಗಳಲ್ಲಿ ಸಣ್ಣ ಕೊಕ್ಕೆ ಇರುತ್ತದೆ, ಮೇಲಿನ ಗುಂಡಿ ಒತ್ತಿಯೇ ಎಳೆಯಬೇಕು.

ಆಫೀಸುಗಳಿಂದ ಬಂದ ಹಳೆಯ ಸಿಪಿಯುಗಳಲ್ಲಿ ಅನೇಕ ವೇಳೆ ವಿಜಿಎ ಮತ್ತು ಡಿಸ್‌ಪ್ಲೇಪೋರ್ಟ್ ಇರುತ್ತವೆ, ಎಚ್‌ಡಿಎಂಐ ಇರುವುದಿಲ್ಲ. ನಮ್ಮದೂ ಹಾಗೆಯೇ. ಕಡಿಮೆ ಬೆಲೆಯ ಹೊಸ ಮಾನಿಟರ್‌ಗಳಲ್ಲಿ ವಿಜಿಎ, ಎಚ್‌ಡಿಎಂಐ ಇರುತ್ತವೆ, ಡಿಸ್‌ಪ್ಲೇಪೋರ್ಟ್ ಇರುವುದು ಕಡಿಮೆ. ಎರಡಕ್ಕೂ ಸಾಮಾನ್ಯವಾಗಿರುವುದು ವಿಜಿಎ ಎಂದು ಅದನ್ನೇ ಹಾಕಿಬಿಡಬೇಕಿಲ್ಲ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಸಿಗುತ್ತದೆ. ಸಿಪಿಯು ಕಿಂಡಿಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಸಾದಾ ಕೇಬಲ್ ಸಾಕು. ಆದರೆ ಈ ಕೇಬಲ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಸಿಪಿಯು ಕಡೆ ಎಚ್‌ಡಿಎಂಐ, ಮಾನಿಟರ್ ಕಡೆ ಡಿಸ್‌ಪ್ಲೇಪೋರ್ಟ್ ಇದ್ದರೆ ಇದು ನಡೆಯುವುದಿಲ್ಲ, ಬೇರೆಯೇ ಪರಿವರ್ತಕ ಬೇಕು. ಅಂಗಡಿಯಲ್ಲಿ "ಸಿಪಿಯು ಕಡೆ ಇದು, ಮಾನಿಟರ್ ಕಡೆ ಅದು" ಎಂದು ಬಿಡಿಸಿ ಹೇಳಿ.

ನಿಮ್ಮ ಸಿಪಿಯುನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದರ ಕಿಂಡಿಗೇ ಹಾಕಿ. ಹಾಗೆಯೇ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ, ಮದರ್‌ಬೋರ್ಡ್ ಕಿಂಡಿಯಿಂದ ಚಿತ್ರ ಬರುವುದಿಲ್ಲ. ಇದು ತಿಳಿಯದೆ ಎಷ್ಟೋ ಜನ ಹೊಸ ಮಾನಿಟರ್ ಕೆಟ್ಟಿದೆ ಎಂದು ವಾಪಸು ಒಯ್ಯುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು

ಆಪಾ ಕೆಲಸ ಮಾಡುವ ಮೇಜು ಅಮ್ಮಿಯ ಹೊಲಿಗೆ ಬಟ್ಟೆ ಇಡುವ ಮೇಜೂ ಹೌದು. ಅದರ ಆಳ 45 ಸೆಂ.ಮೀ. ಮಾನಿಟರ್ ಕೂರುವ ಗೋಡೆ ಗೂಡಿನ ಅಗಲ 58 ಸೆಂ.ಮೀ. 27 ಇಂಚಿನದು ಅಲ್ಲಿ ಹಿಡಿಯುವುದೇ ಇಲ್ಲ. 24 ಇಂಚಿನದು ಅಂಚಿನ ಪಟ್ಟಿ ಸೇರಿಸಿ 54 ಸೆಂ.ಮೀ., ಸರಿಯಾಗಿ ಕೂರುತ್ತದೆ. ಟೇಪಿನಿಂದ ಅಳೆಯಲು ಎರಡು ನಿಮಿಷ ಸಾಕಾಯಿತು.

ಕಣ್ಣಿಗೂ ಪರದೆಗೂ ಕನಿಷ್ಠ 50 ಸೆಂ.ಮೀ. ದೂರ ಇರಬೇಕು, ಅಂದರೆ ಹೆಚ್ಚುಕಡಿಮೆ ಕೈ ಚಾಚಿದಷ್ಟು. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇದ್ದರೆ ಕತ್ತು ನೋಯುವುದಿಲ್ಲ. ಅಗ್ಗದ ಮಾನಿಟರ್‌ಗಳ ಸ್ಟ್ಯಾಂಡ್ ಮುಂದೆ ಹಿಂದೆ ಬಾಗುತ್ತದೆ, ಮೇಲೆ ಕೆಳಗೆ ಹೋಗುವುದಿಲ್ಲ. ಅದಕ್ಕೆ ದುಬಾರಿ ಸ್ಟ್ಯಾಂಡ್ ಬೇಕಿಲ್ಲ, ಅಲುಗದ ಒಂದು ಮರದ ಹಲಗೆ ಸಾಕು. ಮುಂದೆ ಗೋಡೆಗೆ ಹಾಕುವ ಯೋಚನೆ ಇದ್ದರೆ ಹಿಂಬದಿಯಲ್ಲಿ ನಾಲ್ಕು ತಿರುಪಿನ ರಂಧ್ರ ಇದೆಯೇ ನೋಡಿ. ಅವುಗಳ ನಡುವೆ 75 ಅಥವಾ 100 ಮಿ.ಮೀ. ಅಂತರ ಇರುತ್ತದೆ.

ಕಿಟಕಿಯ ಬೆಳಕು ಪಕ್ಕದಿಂದ ಬರಲಿ. ಕಿಟಕಿಗೆ ಬೆನ್ನು ಮಾಡಿ ಕುಳಿತರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಹೊಳಪಿನ ಪರದೆಗಿಂತ ಮ್ಯಾಟ್ ಪರದೆ ನಮ್ಮ ಮನೆಗಳಿಗೆ ಸೂಕ್ತ.

ಪ್ಯಾನೆಲ್: ಯಾರು ಯಾರು ನೋಡುತ್ತಾರೆ?

ಮುಖ್ಯವಾಗಿ ಮೂರು ಬಗೆ. ಟಿಎನ್ ಹಳೆಯದು, ಅಗ್ಗ. ಪಕ್ಕದಿಂದ ಅಥವಾ ಕೆಳಗಿನಿಂದ ನೋಡಿದರೆ ಬಣ್ಣ ತಿರುಗಿ ಚಿತ್ರ ಮಂಕಾಗುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ನಿಜವಾದ ಕಪ್ಪಿನ ಹತ್ತಿರ ಇರುತ್ತದೆ, ಸಿನಿಮಾ ನೋಡಲು ಚೆನ್ನ. ಐಪಿಎಸ್ ಪ್ಯಾನೆಲ್ ಯಾವ ಪಕ್ಕದಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ.

ಒಬ್ಬರೇ ನೇರ ಕುಳಿತು ನೋಡುವುದಾದರೆ ಯಾವುದಾದರೂ ನಡೆದೀತು. ಆದರೆ ನಮ್ಮ ಮನೆಯಲ್ಲಿ ಆಪಾ ಟೈಪ್ ಮಾಡುವಾಗ ಅಬ್ಬಾ ಪಕ್ಕದಲ್ಲಿ ನಿಂತು ತಮ್ಮ ಅಂಗಡಿಯ ಬಾಕಿ ಕೇಳುತ್ತಾರೆ, ನಾನು ಇನ್ನೊಂದು ಪಕ್ಕದಿಂದ ಬಿಲ್ಲು ಓದಿ ಹೇಳುತ್ತೇನೆ. ಮೂವರಿಗೂ ಅಂಕಿ ಕಾಣಬೇಕು. ಆದ್ದರಿಂದ ಐಪಿಎಸ್. ಬಾಗಿದ ಪರದೆಯೂ ಒಬ್ಬರೇ ನಡುವೆ ಕುಳಿತು ನೋಡಲು ಮಾಡಿದ್ದು. ಅದು ನಮಗೆ ಬೇಡವಾಯಿತು.

ಡಬ್ಬಿಯ ಮೇಲಿನ ದೊಡ್ಡ ಅಂಕಿಗಳು

ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗಬಲ್ಲದು ಎಂಬುದು. ಲೆಕ್ಕ, ಓದು, ಆನ್‌ಲೈನ್ ಪಾಠಕ್ಕೆ 60 ಸಾಕು. 75 ಅಥವಾ 100 ಅದೇ ಬೆಲೆಗೆ ಸಿಕ್ಕರೆ ತೆಗೆದುಕೊಳ್ಳಿ, ಸ್ಕ್ರೋಲ್ ಮಾಡುವಾಗ ನಯವಾಗಿರುತ್ತದೆ. 144, 180 ಗೇಮ್ ಆಡುವವರಿಗೆ. ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಆ ಆಟಗಳಲ್ಲಿ ಹಣ ಕೊಟ್ಟದ್ದೇ ಲಾಭ. ಕಾಂಟ್ರಾಸ್ಟ್ ಕೋಟಿಗೆ ಒಂದು ಎಂದು ಬರೆದಿದ್ದರೆ ಅದು ಡೈನಾಮಿಕ್ ಲೆಕ್ಕ, ಬೆಳಕನ್ನು ಏರಿಳಿಸಿ ತೋರಿಸಿದ್ದು. ನಿಜವಾದ ಸ್ಟಾಟಿಕ್ ಕಾಂಟ್ರಾಸ್ಟ್ ಐಪಿಎಸ್‌ನಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ ಒಂದರ ಆಸುಪಾಸು ಇರುತ್ತದೆ.

"ಟಿವಿ ಇದೆಯಲ್ಲ, ಅದನ್ನೇ ಹಾಕಿ" ಎಂಬ ಸಲಹೆ ಎಲ್ಲರ ಮನೆಯಲ್ಲೂ ಬರುತ್ತದೆ. ನಮ್ಮಲ್ಲೂ ಬಂತು. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಇರುವುದು 1366×768 ಚುಕ್ಕೆ. ಇಂಚಿಗೆ 49 ಮಾತ್ರ, ಅಂದರೆ 24 ಇಂಚಿನ ಮಾನಿಟರ್‌ನ ಅರ್ಧದ ಹತ್ತಿರ. ಹತ್ತು ಅಡಿ ದೂರದಿಂದ ನೋಡಲು ಅದು ಸರಿ. ಎರಡಡಿ ದೂರದಿಂದ ಲೆಡ್ಜರ್ ಓದಲು ಅಲ್ಲ. ಗಡುವಿನ ದಿನ ಎರಡು ಗಂಟೆಯ ಕೆಲಸ ಮುಗಿಸಲು ಮಾತ್ರ ಟಿವಿ ಉಪಕಾರಿ.

ಅಂಗಡಿಯಲ್ಲಿ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ನಮ್ಮೂರಿನ ಅಂಗಡಿಯಲ್ಲಾಗಲಿ ಡಬ್ಬಿ ತೆಗೆದು ಆನ್ ಮಾಡಿ ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಹಾಕಿಸಿ. ಬದಲಾಗದ ಚುಕ್ಕೆ ಇದ್ದರೆ ಆಗಲೇ ಕಾಣುತ್ತದೆ. ಮನೆಗೆ ತಂದ ಮೇಲೆ ಒಂದೆರಡು ಸತ್ತ ಚುಕ್ಕೆಗೆ ಹಲವು ಕಂಪನಿಗಳು ಮಾನಿಟರ್ ಬದಲಿಸಿ ಕೊಡುವುದಿಲ್ಲ. ಹಳೆಯ ಮಾನಿಟರ್ ಕೊಳ್ಳುವುದಾದರೆ ಅರ್ಧ ಗಂಟೆ ಆನ್ ಇಟ್ಟು, ಬಿಳಿ ಬಣ್ಣ ಹಳದಿಗೆ ತಿರುಗಿದೆಯೇ, ಒಂದು ಮೂಲೆ ಕತ್ತಲಾಗಿದೆಯೇ ನೋಡಿ.

ಹಿಂಬದಿಯಲ್ಲಿ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ವಾರಂಟಿ ಎಷ್ಟು ವರ್ಷ ಎಂಬುದರ ಜೊತೆ ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ ಎಂದೂ ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

ಬಿಲ್ಲು ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ನಾವು ಕೊಂಡ 24 ಇಂಚಿನ ಮಾನಿಟರ್‌ಗೆ 7,400 ರೂಪಾಯಿ ಆಯಿತು. ಶೇ. 18 ಜಿಎಸ್‌ಟಿ ಸೇರಿದ ಬೆಲೆ ಅದು. 1.18ರಿಂದ ಭಾಗಿಸಿದರೆ ಮೂಲ ಬೆಲೆ 6,271.19, ತೆರಿಗೆ 1,128.81. ಮನೆಗೆ ಕೊಂಡರೆ ಈ ತೆರಿಗೆ ನಮ್ಮ ಖರ್ಚು. ಆದರೆ ನಿಮ್ಮ ತಂದೆಯ ಅಂಗಡಿ ಜಿಎಸ್‌ಟಿಯಲ್ಲಿ ನೋಂದಣಿಯಾಗಿದ್ದು, ಕಾಂಪೊಸಿಶನ್ ಸ್ಕೀಮಿನಲ್ಲಿ ಇಲ್ಲದಿದ್ದು, ಮಾನಿಟರ್ ಅಂಗಡಿಯ ಕೆಲಸಕ್ಕೇ ಆದರೆ, ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸಿ. ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ.

ಕೇಬಲ್‌ಗೆ 350. ಒಟ್ಟು 7,750. ಐದು ವರ್ಷ ಬಾಳಿದರೆ ನಮ್ಮ ಅಕೌಂಟೆನ್ಸಿ ಪಾಠದ ಸ್ಟ್ರೇಟ್ ಲೈನ್ ಪದ್ಧತಿಯಲ್ಲಿ ವರ್ಷಕ್ಕೆ 1,550 ಸವಕಳಿ, ತಿಂಗಳಿಗೆ ಸುಮಾರು 129. ಕರೆಂಟು ಲೆಕ್ಕ ಇನ್ನೂ ಸಣ್ಣದು: 20 ವಾಟ್‌ನ ಮಾನಿಟರ್ ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ 3.6 ಯೂನಿಟ್. ಉಳಿದ 250 ರೂಪಾಯಿ ಅಮ್ಮಿಯ ಕೈಗೆ ವಾಪಸು ಹೋಯಿತು. ಆ ತಿಂಗಳ ಜಿಎಸ್‌ಟಿಆರ್-3ಬಿ 19ರಂದೇ ಸಲ್ಲಿಕೆಯಾಯಿತು.

ಮನೆಗೆ ತಂದ ಮೇಲೆ

ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 1920×1080 ಇದೆಯೇ ಎಂದು ಮೊದಲು ನೋಡಿ. ಬೇರೆ ಅಳತೆ ಇದ್ದರೆ ಎಷ್ಟು ಒಳ್ಳೆಯ ಮಾನಿಟರ್ ಆದರೂ ಮಂಜಾಗಿ ಕಾಣುತ್ತದೆ. ಅಕ್ಷರ ಚಿಕ್ಕದೆನಿಸಿದರೆ ಈ ಅಳತೆಯನ್ನು ಇಳಿಸಬೇಡಿ, ಸ್ಕೇಲ್ ಅನ್ನು ಶೇ. 125ಕ್ಕೆ ಏರಿಸಿ. ವಿಜಿಎ ಬಳಸುವವರು ಮಾನಿಟರ್ ಗುಂಡಿಯಲ್ಲಿ 'ಆಟೊ ಅಡ್ಜಸ್ಟ್' ಒತ್ತಿ. ಅಂಗಡಿಯಿಂದ ಬರುವಾಗ ಬ್ರೈಟ್‌ನೆಸ್ ಹೆಚ್ಚಾಗಿ ತೀರಾ ಜಾಸ್ತಿ ಇರುತ್ತದೆ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಥರ ಬೆಳಗುವವರೆಗೆ ಇಳಿಸಿ. ಮಗ್ರಿಬ್ ಆದ ಮೇಲೆ ಕೋಣೆಯ ದೀಪ ಹಾಕಿಯೇ ಕೆಲಸ ಮಾಡಿ.

20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು ಕಣ್ಣಿನ ವೈದ್ಯರು ಹೇಳುವ ಸುಲಭ ನಿಯಮ. ಕಾಸು ಖರ್ಚಿಲ್ಲ. ಇಷ್ಟಾಗಿಯೂ ತಲೆನೋವು ಬರುತ್ತಿದ್ದರೆ ತಪ್ಪು ಮಾನಿಟರ್‌ನದಲ್ಲದೆ ಕನ್ನಡಕದ ನಂಬರಿನದೂ ಇರಬಹುದು. ಕಣ್ಣು ಪರೀಕ್ಷೆ ಮಾಡಿಸಿ.

ಕೊನೆಗೆ, ಜೇಬಿನಲ್ಲಿ ಇಟ್ಟುಕೊಂಡು ಹೋಗಲು ಐದು ಪ್ರಶ್ನೆ:

1. ಇದರಲ್ಲಿ ನನ್ನ ಕೆಲಸ ಏನು, ಅದಕ್ಕೆ ಎಷ್ಟು ಪಿಕ್ಸೆಲ್ ಬೇಕು?
2. ನನ್ನ ಸಿಪಿಯು ಹಿಂದೆ ಯಾವ ಕಿಂಡಿ ಇದೆ?
3. ನನ್ನ ಮೇಜಿನ ಅಗಲ, ಆಳ ಎಷ್ಟು?
4. ಎಷ್ಟು ಜನ, ಯಾವ ಪಕ್ಕದಿಂದ ನೋಡುತ್ತಾರೆ?
5. ಕೆಟ್ಟರೆ ಎಲ್ಲಿಗೆ ಒಯ್ಯಬೇಕು?

ಇವು ಐದಕ್ಕೂ ಉತ್ತರ ಸಿಕ್ಕ ಮೇಲೆ ಇಂಚು ತಾನಾಗಿಯೇ ತೀರ್ಮಾನವಾಗುತ್ತದೆ. ಮಾನಿಟರ್ ಕೊಳ್ಳುವ ಯೋಚನೆಯಲ್ಲಿ ಇರುವವರು ಸಿಪಿಯು ಹಿಂಬದಿಯ ಫೋಟೊ ಮತ್ತು ಮೇಜಿನ ಅಳತೆ ತಂದರೆ ಮಧ್ಯಾಹ್ನದ ಬಿಡುವಿನಲ್ಲಿ ಲೈಬ್ರರಿಯ ಹತ್ತಿರ ಕುಳಿತು ಒಟ್ಟಿಗೆ ಲೆಕ್ಕ ಹಾಕೋಣ.